ಬಲಿಪೀಠದ ಮುಂದಣ ತೆನೆ, ಬಾಳೆಲೆಯ ಮೇಲಣ ಅನ್ನ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಕೆಮ್ಮಣ್ಣು ಮೊದಲ್ಗೊಂಡು ಕರಾವಳಿಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ಅಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಗಳಿಗೆ ಹಂಚಲಾಗುತ್ತದೆ. ಕೊಂಕಣಿಯಲ್ಲಿ ಇದು ಮೊಂತಿ ಫೆಸ್ತ್. ಆ ತೆನೆಯೇ ನೊವೆಂ. ಮನೆಯ ಹಿರಿಯರು ಕಾಳುಗಳನ್ನು ಸುಲಿದು ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಬಳಿಕ ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ಇದನ್ನು ಊರಿನ ಪದ್ಧತಿಯೆಂದಷ್ಟೇ ಎಣಿಸಿ ಪ್ರಬೋಧನೆಯಲ್ಲಿ ಬದಿಗಿರಿಸುವ ರೂಢಿ ನಮ್ಮಲ್ಲುಂಟು. ಅದು ಸರಿಯಲ್ಲವೆಂದು ನಮ್ಮ ಎಣಿಕೆ.

ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲದ ಬುಟ್ಟಿಯನ್ನು ಯಾಜಕನು ಬಲಿಪೀಠದ ಮುಂದಿಡುತ್ತಾನೆ. ಆಗ ಕಾಣಿಕೆ ತಂದವನು ತನ್ನ ದುಡಿಮೆಯನ್ನು ಹೇಳಿಕೊಳ್ಳುವುದಿಲ್ಲ. ಅಲೆಮಾರಿಯಾಗಿದ್ದ ಪೂರ್ವಜನನ್ನು, ಐಗುಪ್ತದ ದಾಸ್ಯವನ್ನು, ದೇವರು ಕೊಟ್ಟ ಬಿಡುಗಡೆಯನ್ನು ನಿವೇದಿಸುತ್ತಾನೆ. ಆರಾಧನೆ ಅಲ್ಲಿಗೂ ನಿಲ್ಲದು. ಹನ್ನೊಂದನೆಯ ವಚನದಂತೆ ಲೇವಿಯನೂ ಪರದೇಶಿಯೂ ಅವನೊಡನೆ ಸಂತೋಷಪಡಬೇಕು. ಹೊಲವಿಲ್ಲದ ಈ ಇಬ್ಬರನ್ನು ಬಿಟ್ಟರೆ ಆ ವಿಧಿ ಅಪೂರ್ಣ.

ಯೆಹೆಜ್ಕೇಲನ 47ನೆಯ ಅಧ್ಯಾಯ ಕೆಮ್ಮಣ್ಣಿನವರಿಗೆ ವ್ಯಾಖ್ಯಾನವಿಲ್ಲದೆಯೇ ತಿಳಿದೀತು. ದೇವಾಲಯದ ಹೊಸ್ತಿಲಿನಡಿಯಿಂದ ಹೊರಟ ನೀರು ಮೊದಲು ಹರಡಿನವರೆಗೆ, ಆಮೇಲೆ ಮೊಣಕಾಲು, ಸೊಂಟ, ಕೊನೆಗೆ ಈಜಬೇಕಾದಷ್ಟು ಆಳ. ಅದು ಲವಣಸಮುದ್ರವನ್ನು ಸೇರಿ ಸಿಹಿಯಾಗಿಸುತ್ತದೆ. ದಡದಲ್ಲಿ ಬೆಸ್ತರು ಬಲೆ ಹರಡುತ್ತಾರೆ. ಮರಗಳ ಹಣ್ಣು ಆಹಾರಕ್ಕೆ, ಎಲೆ ಔಷಧಕ್ಕೆ. ಸ್ವರ್ಣಾ ನದಿಯ ಮುಖದಲ್ಲಿ ಉಪ್ಪುನೀರು ಗದ್ದೆಗೆ ನುಗ್ಗಿದರೆ ಏನಾಗುವುದೆಂದು ಬಲ್ಲವರಿಗೆ ಈ ದರ್ಶನ ಬರಿಯ ರೂಪಕವಲ್ಲ. ದೇವಾಲಯ ಪೋಷಿಸುವುದು ನೀರು ಹೊಸ್ತಿಲು ದಾಟಿದಾಗ.

ಯೊವಾನ್ನನು ಇದನ್ನು ಕ್ರಿಸ್ತನಲ್ಲಿ ಕಾಣುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಪ್ರಭುವಿನ ದೇಹವೇ ದೇವಾಲಯ, ಆರನೆಯದರಲ್ಲಿ ಅದೇ ದೇಹ ಜೀವದ ರೊಟ್ಟಿ. ಆದ್ದರಿಂದ ಪರಮಪ್ರಸಾದವನ್ನು ಸ್ವೀಕರಿಸುವವನಿಗೆ ಆರಾಧನೆಯೂ ಆಹಾರವೂ ಎರಡಲ್ಲ. ಕೊರಿಂಥದವರು ಇವನ್ನು ಬೇರ್ಪಡಿಸಿದರು. ಒಬ್ಬನು ಹಸಿದಿರಲು ಮತ್ತೊಬ್ಬನು ಕುಡಿದು ಮತ್ತನಾಗಿದ್ದನು. ಅದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಕಟುವಾಗಿ ಬರೆದನು.

ಇಂದು ಕರಾವಳಿಯಲ್ಲಿ ಎಷ್ಟೋ ಗದ್ದೆಗಳು ಹಡೀಲು ಬಿದ್ದಿವೆ. ತೆನೆಯನ್ನು ಹೊರಗಿನಿಂದ ತರಿಸುವುದುಂಟು. ಇದಕ್ಕಾಗಿ ಕೊರಗುವವರನ್ನು ನಾವು ತಪ್ಪೆನ್ನೆವು. ಆದರೆ ದೂರದೇಶದ ಮಕ್ಕಳಿಗೆ ಲಕೋಟೆಯಲ್ಲಿ ಕಾಳು ಕಳುಹಿಸುವ ನಾವು, ಮಲ್ಪೆಯ ಬಂದರಿನಲ್ಲಿ ದುಡಿಯುವ ಒಡಿಶಾದ ಕಾರ್ಮಿಕನಿಗೆ ಅಂದು ಎಲೆ ಹಾಕಿದ್ದೇವೆಯೇ? ತೆನೆ ಯಾವ ಗದ್ದೆಯದೆಂದು ಕೇಳುವ ಮೊದಲು ನಾವು ಕೇಳಬೇಕಾದುದು ಇದನ್ನೇ.