ಆಟಿಕೆಯೆಂಬುದು ಹಿಡಿದವನಿಗೆ ಗೊತ್ತು, ನೋಡುವವನಿಗೆ?

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಡಿಗಡ್ಡೆ ಸೀಮೆಯ ಊರು ಮಾನೋಪಾಡು. ಇಂತಹ ಊರುಗಳ ಜಾತ್ರೆಗಳಲ್ಲಿ ಮಕ್ಕಳನ್ನು ಸೆಳೆಯುವ ಸಾಮಾನು ಎರಡು: ಬಲೂನುಗಳಿಗೆ ಗುರಿಯಿಡುವ ಗಾಳಿಕೋವಿ ಮತ್ತು ರೀಲು ಪಟಾಕಿ ಸಿಡಿಸುವ ತಗಡಿನ ಪಿಸ್ತೂಲು. ಆ ಪಿಸ್ತೂಲು ಆಟಿಕೆಯೆಂಬುದು ಎಷ್ಟು ದೂರದಿಂದ ನೋಡಿದವರಿಗೂ ತಿಳಿಯುತ್ತದೆ. ಈಗ ಮೊಬೈಲಿನ ಪರದೆಯು ಮಕ್ಕಳಿಗೆ ಇನ್ನೊಂದು ಬಗೆಯ ಆಟಿಕೆಯನ್ನು ತೋರಿಸುತ್ತಿದೆ. ಸೇನೆಯ ಬಂದೂಕಿನ ಆಕಾರ, ಬಣ್ಣ, ಅಳತೆಗಳನ್ನು ಯಥಾವತ್ತಾಗಿ ಪಡೆದ ಈ ಪ್ರತಿಕೃತಿಯ ಹೆಸರು ಏರ್‌ಸಾಫ್ಟ್.

ಇದರ ತವರು ಜಪಾನ್. ಸಾಮಾನ್ಯ ಪ್ರಜೆಗಳು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಕಾನೂನು ಅತ್ಯಂತ ಬಿಗಿಯಾಗಿ ನಿರ್ಬಂಧಿಸಿದೆ. ನಿಜವಾದುದು ಕೈಗೆ ಸಿಗದ ನಾಡಿನಲ್ಲಿ ಅದರ ಪ್ರತಿಕೃತಿಯ ಮೇಲೆ ಮೋಹ ಬೆಳೆದುದು ಸಹಜ. 1970ರ ದಶಕದಲ್ಲಿ ಮೊಳೆತ ಈ ಹವ್ಯಾಸಕ್ಕೆ 1991ರಲ್ಲಿ ಟೋಕಿಯೊ ಮರುಯಿ ಸಂಸ್ಥೆಯು ವಿದ್ಯುತ್ತಿನಿಂದ ನಡೆಯುವ ಬಂದೂಕನ್ನು ತಂದು ಹೊಸ ವೇಗ ನೀಡಿತು. ಅದರೊಳಗೆ ಮದ್ದುಗುಂಡಿಲ್ಲ. ಬ್ಯಾಟರಿಯು ಮೋಟಾರನ್ನು, ಮೋಟಾರು ಗಿಯರುಗಳನ್ನು ತಿರುಗಿಸುತ್ತದೆ. ಗಿಯರುಗಳು ಸ್ಪ್ರಿಂಗನ್ನು ಹಿಂದಕ್ಕೆಳೆದು ಬಿಡುತ್ತವೆ. ಪಿಸ್ಟನ್ ಮುನ್ನುಗ್ಗಿ ಒತ್ತಿದ ಗಾಳಿಯು 6 ಮಿ.ಮೀ. ಗಾತ್ರದ ಪ್ಲಾಸ್ಟಿಕ್ ಗುಂಡನ್ನು ಹೊರದೂಡುತ್ತದೆ.

ಹವ್ಯಾಸಿಗಳ ನಿಜವಾದ ಸಂತೋಷ ಇರುವುದು ಬಿಚ್ಚಿ ಜೋಡಿಸುವುದರಲ್ಲಿ. ಗಿಯರುಗಳನ್ನು ಹೊಂದಿಸುವುದು, ಒಳನಳಿಗೆಯನ್ನು ಬದಲಿಸುವುದು, ಹೊರಮೈಗೆ ಹಳೆಯ ಕಬ್ಬಿಣದ ಬಣ್ಣ ತರುವುದು ಕೈಚಳಕ ಬೇಡುವ ಕೆಲಸಗಳು. ನಳಿಗೆಯ ಬುಡದಲ್ಲಿನ ಪುಟ್ಟ ರಬ್ಬರು ಗುಂಡಿಗೆ ಹಿಮ್ಮುಖ ತಿರುಗು ನೀಡುತ್ತದೆ. ಆ ತಿರುಗಿನಿಂದ ಗುಂಡು ಬೇಗ ನೆಲಕ್ಕಿಳಿಯದೆ ದೂರ ಸಾಗುತ್ತದೆ.

ಶಾಲೆಯ ವಿಜ್ಞಾನ ಪಾಠ ಇಲ್ಲಿ ನೆರವಿಗೆ ಬರುತ್ತದೆ. 0.2 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ 1 ಜೂಲ್. ಬಿಗಿಯಾದ ಸ್ಪ್ರಿಂಗ್ ಹಾಕಿ ವೇಗವನ್ನು 150 ಮೀಟರಿಗೆ ಏರಿಸಿದರೆ ಶಕ್ತಿ 2.25 ಜೂಲ್ ಆಗುತ್ತದೆ. ಮೈಗೆ ತಾಗಿದರೆ ಬರೆ ಬೀಳಿಸುವ ಗುಂಡು ಕಣ್ಣಿಗೆ ತಾಗಿದರೆ ದೃಷ್ಟಿಯನ್ನೇ ಕಳೆಯಬಲ್ಲದು. ಆದುದರಿಂದಲೇ ಆಟಗಾರರು ಕಣ್ಣಿನ ರಕ್ಷಾಕವಚವಿಲ್ಲದೆ ಕಣಕ್ಕಿಳಿಯುವುದಿಲ್ಲ.

ಆದರೆ ಗುಂಡಿಗಿಂತ ದೊಡ್ಡ ಅಪಾಯ ರೂಪದಲ್ಲಿದೆ. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನದಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಬಾಲಕನ ಬಳಿ ಇದ್ದುದು ಏರ್‌ಸಾಫ್ಟ್ ಪಿಸ್ತೂಲು. ಆಟಿಕೆಯೆಂದು ಸಾರುವ ಕಿತ್ತಳೆ ಬಣ್ಣದ ತುದಿ ಅದರಲ್ಲಿರಲಿಲ್ಲ. ಸ್ಥಳಕ್ಕೆ ಬಂದ ಪೊಲೀಸನು ಎರಡೇ ಸೆಕೆಂಡುಗಳಲ್ಲಿ ಗುಂಡು ಹಾರಿಸಿದನು. ಬಾಲಕ ಮರುದಿನ ಅಸುನೀಗಿದನು. ಅದು ಆಟಿಕೆಯೆಂಬುದು ಬಾಲಕನಿಗೆ ಗೊತ್ತಿತ್ತು, ನೋಡಿದವನಿಗೆ ಗೊತ್ತಿರಲಿಲ್ಲ.

ಭಾರತದ ಕಾನೂನೂ ರೂಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಕೇವಲ ಆಟಿಕೆಯಾಗಿ ಮಾತ್ರ ಬಳಸಲು ಬರುವ ವಸ್ತುವನ್ನು ಆಯುಧವೆಂದು ಎಣಿಸುವುದಿಲ್ಲ. ಆದರೆ ಅದೇ ಕಾಯ್ದೆಯ ಪ್ರಕಾರ, ಗುಂಡು ಹಾರಲಿ ಹಾರದಿರಲಿ, ಬಂದೂಕಿನಂತೆ ಕಾಣುವುದೆಲ್ಲವೂ ಅನುಕರಣ ಬಂದೂಕು. ಅದನ್ನು ಲೈಸೆನ್ಸಿಲ್ಲದೆ ನಿಜ ಬಂದೂಕಾಗಿ ಮಾರ್ಪಡಿಸುವುದನ್ನು ಕಲಂ 6 ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷಗಳ ಸೆರೆವಾಸವಿದ್ದು, ಅದು ಜೀವಾವಧಿಯವರೆಗೂ ಹೋಗಬಹುದು. ಬಂಧನವನ್ನು ತಡೆಯಲು ಅನುಕರಣ ಬಂದೂಕನ್ನು ಬಳಸಿದರೂ ಕಲಂ 28ರಂತೆ ಏಳು ವರ್ಷಗಳವರೆಗೆ ಶಿಕ್ಷೆಯುಂಟು. 2016ರ ನಿಯಮಗಳು ಗಾಳಿಕೋವಿಗೆ 20 ಜೂಲ್ ಶಕ್ತಿ ಮತ್ತು 4.5 ಮಿ.ಮೀ. ನಳಿಗೆಯ ಮಿತಿ ಹಾಕಿವೆ. ಮೀರಿದರೆ ಲೈಸೆನ್ಸ್ ಬೇಕು. ಏರ್‌ಸಾಫ್ಟ್ ಗುಂಡಿನದು 6 ಮಿ.ಮೀ. ಎಂಬುದನ್ನು ಮರೆಯಬಾರದು. “ಶಕ್ತಿ ಕಡಿಮೆ, ಏನೂ ಆಗದು” ಎಂಬ ಮಾರಾಟಗಾರನ ಮಾತನ್ನು ನಂಬಿ ಹಣ ಕಟ್ಟುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಲೇಸು.

ಪೋಷಕರು ಮಗುವಿನ ಕುತೂಹಲವನ್ನು ಗದರಿಸಿ ಅಡಗಿಸಬೇಕಾಗಿಲ್ಲ. ಆಟಿಕೆಯು ಆಟಿಕೆಯಂತೆಯೇ ಕಾಣಲಿ. ಗಾಢ ಬಣ್ಣವಾಗಲಿ ಕಿತ್ತಳೆ ತುದಿಯಾಗಲಿ ಇದ್ದರೆ ಅದನ್ನು ಅಳಿಸದಿರಲಿ. ಅದನ್ನು ಬೀದಿಗೆ, ಬಸ್ಸಿಗೆ, ಶಾಲೆಯ ಚೀಲಕ್ಕೆ ಒಯ್ಯದಿರಲಿ. ತಮಾಷೆಗೂ ಮನುಷ್ಯರತ್ತ ಗುರಿಯಿಡದಿರಲಿ. ಗುರಿಯ ಮೋಹವೇ ಹೆಚ್ಚಾಗಿದ್ದರೆ ಅದಕ್ಕೊಂದು ರಾಜಮಾರ್ಗವಿದೆ. ಹೈದರಾಬಾದಿನ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದುದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಅವರ ಕೈಯಲ್ಲಿದ್ದುದೂ ಗಾಳಿಯ ಬಲದಿಂದ ನಡೆಯುವ ಕೋವಿಯೇ. ಆದರೆ ಅದರ ಮುಂದೆ ಇದ್ದುದು ಸ್ಪರ್ಧೆಯ ಗುರಿ, ಹಿಂದೆ ಇದ್ದುದು ವರ್ಷಗಳ ಶಿಸ್ತು.