ಹವ್ಯಾಸಿ ರೇಡಿಯೊ ಖಗೋಳವಿಜ್ಞಾನ

ಹವ್ಯಾಸಿ ರೇಡಿಯೊ ಖಗೋಳವಿಜ್ಞಾನ ಎಂಬುದು ಆಕಾಶಕಾಯಗಳು ಹೊರಸೂಸುವ ರೇಡಿಯೊ ಅಲೆಗಳನ್ನು ಸ್ವತಃ ನಿರ್ಮಿಸಿಕೊಂಡ ಉಪಕರಣಗಳಿಂದ ಗ್ರಹಿಸಿ ದಾಖಲಿಸುವ ಹವ್ಯಾಸವಾಗಿದೆ. ಹಗಲಿನಲ್ಲಿಯೂ ಮೋಡ ಕವಿದಾಗಲೂ ವೀಕ್ಷಣೆ ಸಾಧ್ಯವಿರುವುದು ಇದರ ಅನುಕೂಲ. ಆದರೆ ಮನುಷ್ಯನಿರ್ಮಿತ ರೇಡಿಯೊ ಅಡಚಣೆಯಿಂದ ಆಕಾಶದ ಸಂಕೇತವನ್ನು ಬೇರ್ಪಡಿಸುವುದು ಉಪಕರಣವನ್ನು ಕಟ್ಟುವುದಕ್ಕಿಂತ ಕಷ್ಟದ ಕೆಲಸವಾಗಿದೆ.

ಹಿನ್ನೆಲೆ

ಈ ವಿಜ್ಞಾನಶಾಖೆ ಹುಟ್ಟಿದ್ದೇ ಅಡಚಣೆಯ ಶೋಧದಿಂದ. ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ರೇಡಿಯೊ ದೂರವಾಣಿಗೆ ತೊಡಕಾಗುತ್ತಿದ್ದ ಗದ್ದಲದ ಮೂಲವನ್ನು 20.5 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದರು. ಒಂದು ಬಗೆಯ ಗದ್ದಲವು 24 ಗಂಟೆಗಳ ಬದಲು 23 ಗಂಟೆ 56 ನಿಮಿಷಗಳಿಗೊಮ್ಮೆ ಮರುಕಳಿಸುವುದನ್ನು ಗಮನಿಸಿ, ಅದು ಕ್ಷೀರಪಥದಿಂದ ಬರುತ್ತಿದೆ ಎಂದು 1933ರಲ್ಲಿ ಪ್ರಕಟಿಸಿದರು. 1937ರಲ್ಲಿ ಗ್ರೋಟ್ ರೀಬರ್ ತಮ್ಮ ಮನೆಯ ಹಿತ್ತಲಿನಲ್ಲಿ ಸುಮಾರು 9.5 ಮೀಟರ್ ವ್ಯಾಸದ ತಟ್ಟೆ ಆಂಟೆನಾ ಕಟ್ಟಿದರು.

ಉಪಕರಣ

ಹವ್ಯಾಸಿಗಳ ಸಾಮಾನ್ಯ ಗುರಿ ತಟಸ್ಥ ಜಲಜನಕದ 1420.4 ಮೆಗಾಹರ್ಟ್ಸ್ ರೇಖೆ. ಇದರ ತರಂಗಾಂತರ 21 ಸೆಂಟಿಮೀಟರ್. ರಟ್ಟು ಮತ್ತು ಅಲ್ಯೂಮಿನಿಯಂ ಹಾಳೆಯಿಂದ ಮಾಡಿದ ಕೊಂಬಿನಾಕಾರದ ಆಂಟೆನಾ ಇದಕ್ಕೆ ಸಾಕಾಗುತ್ತದೆ. ಆಂಟೆನಾದ ಬುಡದಲ್ಲಿಯೇ ಕಡಿಮೆ ಗದ್ದಲದ ವರ್ಧಕವನ್ನು ಜೋಡಿಸಬೇಕು. ಉದ್ದನೆಯ ಕೇಬಲ್ಲಿನ ನಂತರ ಜೋಡಿಸಿದರೆ ದುರ್ಬಲ ಸಂಕೇತವು ಮೊದಲೇ ನಷ್ಟವಾಗಿರುತ್ತದೆ. ಬೇಕಾದ ಪಟ್ಟಿಯನ್ನು ಮಾತ್ರ ಬಿಡುವ ಫಿಲ್ಟರ್ ಹಾಗೂ ಟಿವಿ ವೀಕ್ಷಣೆಗೆಂದು ತಯಾರಾದ ಅಗ್ಗದ ಯುಎಸ್‌ಬಿ ಗ್ರಾಹಕವು ಉಳಿದ ಭಾಗಗಳು. ಅನಿಲವು ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ಚಲಿಸಿದರೆ ರೇಖೆಯು ಸುಮಾರು 4.7 ಕಿಲೋಹರ್ಟ್ಸ್ ಸರಿಯುತ್ತದೆ. ಇದರಿಂದ ಕ್ಷೀರಪಥದ ಸುತ್ತುವಿಕೆಯನ್ನು ಅಳೆಯಬಹುದು.

ಗುರು ಗ್ರಹದ ಸ್ಫೋಟಗಳಿಗೆ 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸುಮಾರು 7 ಮೀಟರ್ ಉದ್ದದ ತಂತಿಯ ಡೈಪೋಲ್ ಬಳಸಲಾಗುತ್ತದೆ.

ಅಡಚಣೆ

1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪ್ರಸಾರವನ್ನು ಅಂತಾರಾಷ್ಟ್ರೀಯ ನಿಯಮಗಳು ನಿಷೇಧಿಸಿವೆ. ಆದರೂ ಮೊಬೈಲ್ ಗೋಪುರದ ಪ್ರಬಲ ಸಂಕೇತವು ಪಕ್ಕದ ಪಟ್ಟಿಯಲ್ಲಿದ್ದುಕೊಂಡೇ ವರ್ಧಕವನ್ನು ತುಂಬಿ ಹರಿಸಬಲ್ಲದು. ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳ ಗದ್ದಲವು ಕೆಳ ಆವರ್ತನಗಳಲ್ಲಿ ಹೆಚ್ಚು. ಬೆಳಗಾವಿಯ ಶಹಾಪುರದಂತಹ ದಟ್ಟ ಬಡಾವಣೆಯ ತಾರಸಿಯಲ್ಲಿ ಜಲಜನಕ ರೇಖೆಯನ್ನು ಹಿಡಿಯುವ ಪ್ರಯತ್ನಕ್ಕೆ ಅರ್ಥವಿದೆ. ಗುರುವಿನ ಸ್ಫೋಟಗಳನ್ನು ಕೇಳಲು ಖಾನಾಪುರ ತಾಲ್ಲೂಕಿನ ಕಾಡಂಚಿನಂತಹ ಸ್ಥಳವೇ ಲೇಸು.

ಪತ್ತೆಯ ಮೊದಲ ಹೆಜ್ಜೆ ಮನೆಯ ಮುಖ್ಯ ಸ್ವಿಚ್ ಆರಿಸಿ ಗ್ರಾಹಕವನ್ನು ಬ್ಯಾಟರಿಯಿಂದ ನಡೆಸುವುದು. ಆಗ ಗದ್ದಲ ತಗ್ಗಿದರೆ ಕಾರಣ ಮನೆಯೊಳಗೇ ಇದೆ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಬರುವ ಟಕಟಕ ಸದ್ದು 50 ಹರ್ಟ್ಸ್ ವಿದ್ಯುತ್ ಮಾರ್ಗದ ಗುರುತು. ಕೇಬಲ್ಲಿಗೆ ಫೆರೈಟ್ ಉಂಗುರ ತೊಡಿಸುವುದರಿಂದ ಸ್ವಲ್ಪ ಪರಿಹಾರ ದೊರೆಯುತ್ತದೆ.

ಇವೆಲ್ಲಕ್ಕಿಂತ ವಿಶ್ವಾಸಾರ್ಹವಾದುದು ಜಾನ್ಸ್ಕಿಯ ಪರೀಕ್ಷೆಯೇ. ಬೀದಿದೀಪದ ಗದ್ದಲ ಗಡಿಯಾರವನ್ನು ಅನುಸರಿಸುತ್ತದೆ. ದೂರದ ಆಕಾಶದ ಸಂಕೇತವು ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಬರುತ್ತದೆ. ಹಲವು ವಾರಗಳ ದಾಖಲೆಯಿಲ್ಲದೆ ಈ ವ್ಯತ್ಯಾಸ ಸ್ಪಷ್ಟವಾಗದು.

ಕರ್ನಾಟಕದಲ್ಲಿ

ವೃತ್ತಿಪರ ವಿಜ್ಞಾನಿಗಳೂ ಇದೇ ತೊಂದರೆಯಿಂದಾಗಿ ನಗರವನ್ನು ತೊರೆಯಬೇಕಾಗುತ್ತದೆ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ಉತ್ತರದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 34.5 ಮೆಗಾಹರ್ಟ್ಸ್‌ನ, 1000 ಡೈಪೋಲ್‌ಗಳ ಟಿ ಆಕಾರದ ದೂರದರ್ಶಕವನ್ನು ಸ್ಥಾಪಿಸಿದವು.

ರಾಮನ್ ಸಂಸ್ಥೆಯ ಸಾರಸ್ 3 ಪ್ರಯೋಗ ಇನ್ನೂ ಮುಂದೆ ಹೋಯಿತು. ಆಂಟೆನಾದ ಕೆಳಗಿನ ನೆಲದ ಏರುಪೇರುಗಳು ಅಳತೆಯನ್ನು ಕೆಡಿಸುವುದರಿಂದ, 2020ರಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆ ಹಾಗೂ ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ತೇಲಿಬಿಡಲಾಯಿತು. ಮೊದಲ ನಕ್ಷತ್ರಗಳ ಕಾಲದ ಸುಳಿವೆಂದು ಆಸ್ಟ್ರೇಲಿಯಾದ ಎಡ್ಜಸ್ ಪ್ರಯೋಗ 2018ರಲ್ಲಿ ವರದಿ ಮಾಡಿದ್ದ ಸಂಕೇತವು ಅಲ್ಲಿ ಕಾಣಲಿಲ್ಲ. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.