ಕಾಣದ ಕಡತಗಳಿಂದ ತುಂಬಿದ ಕಣಜ

ಕಣಜದಲ್ಲಿ ಎಷ್ಟು ಧಾನ್ಯವಿದೆಯೆಂದು ನೋಡದೆ ಹೊಸ ಫಸಲನ್ನು ಸುರಿಯುವ ರೈತನಿಲ್ಲ. ಗಣಕಯಂತ್ರದ ಕಣಜಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಆದರೆ ಅಲ್ಲಿ ಒಂದು ವಿಚಿತ್ರವುಂಟು. ಕಣ್ಣಿಗೆ ಕಾಣುವ ಕಡತಗಳನ್ನೆಲ್ಲ ಕೂಡಿಸಿದರೆ ಅರ್ಧ ಕಣಜವೂ ಆಗದು. ಆದರೂ ಯಂತ್ರವು ‘ಸ್ಥಳವಿಲ್ಲ’ ಎನ್ನುತ್ತದೆ. ಗಾಬರಿಗೊಂಡವರು ಕಂಡದ್ದನ್ನು ಅಳಿಸತೊಡಗುತ್ತಾರೆ. ಎಷ್ಟೋ ವೇಳೆ ಸ್ಥಳವೂ ಬಿಡುಗಡೆಯಾಗುವುದಿಲ್ಲ, ಬೇಕಾದ ಕಡತವೂ ಕೈತಪ್ಪುತ್ತದೆ. ರಾಯದುರ್ಗ, ಮಡಕಶಿರಾ ಸೀಮೆಯಿಂದ ಹೊರಟು ಗಣಕಯಂತ್ರದ ವೃತ್ತಿಯನ್ನು ಹಿಡಿದಿರುವ ಹಳೆಯ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಮನೆಯ ಚಿತ್ರಗಳನ್ನೂ ದಾಖಲೆಗಳನ್ನೂ ಯಂತ್ರದಲ್ಲಿಡುವ ಎಲ್ಲರಿಗೂ ಈ ಒಗಟಿನ ಮರ್ಮ ತಿಳಿದಿರುವುದು ಒಳ್ಳೆಯದು.

ಅನೇಕ ಯಂತ್ರಗಳ ಡಿಸ್ಕುಗಳನ್ನು ಒಂದೇ ದೊಡ್ಡ ಉಗ್ರಾಣದಂತೆ ತೋರಿಸುವ ಏರ್ಪಾಡಿಗೆ ಹಂಚಿಕೆಯ ಕಡತ ವ್ಯವಸ್ಥೆಯೆಂದು ಹೆಸರು. ಇವುಗಳಲ್ಲಿ ಗ್ಲಸ್ಟರ್ ಎಂಬುದು ನಮಗೆ ಹತ್ತಿರದ್ದು. 2005ರಲ್ಲಿ ಆರಂಭವಾದ ಆ ಸಂಸ್ಥೆಯ ತಾಂತ್ರಿಕ ಕಾರ್ಯ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ. 2011ರಲ್ಲಿ ರೆಡ್ ಹ್ಯಾಟ್ ಕಂಪನಿಯು ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಇದರಲ್ಲಿ ಒಂದೊಂದು ಯಂತ್ರವು ಒದಗಿಸುವ ಭಾಗವನ್ನು ‘ಬ್ರಿಕ್’, ಅಂದರೆ ಇಟ್ಟಿಗೆ, ಎನ್ನುತ್ತಾರೆ. ಇಟ್ಟಿಗೆಗಳು ಕೂಡಿ ಉಗ್ರಾಣವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಡತದ ಹೆಸರೇ ಬೇರೆ, ಕಡತವೇ ಬೇರೆ. ಗ್ರಂಥಾಲಯದ ಸೂಚಿಯಿಂದ ಒಂದು ಚೀಟಿಯನ್ನು ಹರಿದೆಸೆದರೆ ಪುಸ್ತಕವೇನೂ ಕಪಾಟಿನಿಂದ ಮಾಯವಾಗುವುದಿಲ್ಲ. ಹಾಗೆಯೇ ಒಂದು ಕಡತಕ್ಕೆ ಎರಡು ಹೆಸರುಗಳಿದ್ದರೆ, ಎರಡೂ ಅಳಿದ ಮೇಲೆಯೇ ಅದರ ಸ್ಥಳ ತೆರವಾಗುತ್ತದೆ. ಗ್ಲಸ್ಟರ್ ವ್ಯವಸ್ಥೆಯು ಪ್ರತಿಯೊಂದು ಕಡತಕ್ಕೂ ನಾವಿಟ್ಟ ಹೆಸರಲ್ಲದೆ, ಪ್ರತಿ ಇಟ್ಟಿಗೆಯೊಳಗಿನ ‘.ಗ್ಲಸ್ಟರ್‌ಎಫ್‌ಎಸ್’ ಎಂಬ ಗುಪ್ತ ಕೋಶದಲ್ಲಿ ಎರಡನೆಯ ಹೆಸರನ್ನು ತಾನೇ ಇಟ್ಟುಕೊಳ್ಳುತ್ತದೆ.

ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿಯ ಶಾಸನಗಳ ಛಾಯಾಚಿತ್ರಗಳನ್ನು ಇಂತಹ ಉಗ್ರಾಣದಲ್ಲಿ ಇಟ್ಟಿದ್ದಾರೆಂದು ಭಾವಿಸೋಣ. ಉಗ್ರಾಣದ ಮುಂಬಾಗಿಲಿನಿಂದ ಒಂದು ಚಿತ್ರವನ್ನು ಅಳಿಸಿದರೆ ವ್ಯವಸ್ಥೆಯು ಎರಡೂ ಹೆಸರುಗಳನ್ನು ತೆಗೆಯುತ್ತದೆ. ಯಾರಾದರೂ ಹಿಂಬಾಗಿಲಿನಿಂದ ನೇರವಾಗಿ ಇಟ್ಟಿಗೆಯೊಳಗೆ ಹೊಕ್ಕು ಅಳಿಸಿದರೆ ಹೋಗುವುದು ಒಂದೇ ಹೆಸರು. ಗುಪ್ತ ಹೆಸರು ಉಳಿದು ಚಿತ್ರವು ಸ್ಥಳವನ್ನು ಹಿಡಿದೇ ಇರುತ್ತದೆ. ಎಣಿಸುವವರ ಕಣ್ಣಿಗೆ ಅದು ಬೀಳದು. ಡಿಸ್ಕಿನ ಲೆಕ್ಕದಲ್ಲಿ ಮಾತ್ರ ಇರುತ್ತದೆ.

ಇದೇ ಲಕ್ಷಣವನ್ನು ತೋರುವ ಬೇರೆ ಕಾರಣಗಳೂ ಉಂಟು. ಯಾವುದೋ ಕ್ರಮವಿಧಿಯು ತೆರೆದು ಹಿಡಿದಿರುವ ಕಡತವನ್ನು ಅಳಿಸಿದರೆ, ಅದು ಕೈಬಿಡುವ ತನಕ ಸ್ಥಳ ಬಿಡುಗಡೆಯಾಗದು. ಹಿಂದೊಮ್ಮೆ ತೆಗೆದಿಟ್ಟ ‘ಸ್ನ್ಯಾಪ್‌ಷಾಟ್’ ಅಳಿದ ಕಡತಗಳನ್ನು ಹಿಡಿದಿಟ್ಟಿರಬಹುದು. 3 ಪ್ರತಿಗಳನ್ನಿಡುವ ಏರ್ಪಾಡಿನಲ್ಲಿ 100 ಗಿಗಾಬೈಟ್ ಸಾಮಗ್ರಿಯು 300 ಗಿಗಾಬೈಟನ್ನು ಬೇಡುತ್ತದೆ. ಕಡತವು ಯಾವ ಇಟ್ಟಿಗೆಗೆ ಹೋಗಬೇಕೆಂಬುದು ಅದರ ಹೆಸರಿನ ಲೆಕ್ಕದಿಂದ ನಿರ್ಧಾರವಾಗುವುದರಿಂದ, ಕೆಲವು ದೊಡ್ಡ ಕಡತಗಳು ಬೆಳೆದು ಒಂದೇ ಇಟ್ಟಿಗೆಯನ್ನು ತುಂಬಿ, ಉಳಿದವು ಖಾಲಿಯಿರುವುದೂ ಸಾಧ್ಯ. ಇನ್ನು ಎಕ್ಸ್‌ಟಿ4 ಪದ್ಧತಿಯ ಡಿಸ್ಕುಗಳಲ್ಲಿ ಕಡತಗಳನ್ನು ನಮೂದಿಸುವ ‘ಐನೋಡ್’ಗಳ ಸಂಖ್ಯೆ ಮೊದಲೇ ಗೊತ್ತಾಗಿರುತ್ತದೆ, ಸಾಮಾನ್ಯವಾಗಿ 16 ಕಿಲೋಬೈಟಿಗೆ ಒಂದರಂತೆ, 1 ಟೆರಾಬೈಟಿಗೆ 6 ಕೋಟಿಗೂ ಹೆಚ್ಚು. ಪುಟ್ಟ ಪುಟ್ಟ ಕಡತಗಳು ಅಸಂಖ್ಯವಾದಾಗ ಅವು ತೀರಿ, ಸ್ಥಳವಿದ್ದರೂ ಹೊಸ ಕಡತಕ್ಕೆ ಪ್ರವೇಶ ದೊರೆಯದು.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕು. ಒಟ್ಟು ಉಗ್ರಾಣವನ್ನಲ್ಲ, ಪ್ರತಿ ಇಟ್ಟಿಗೆಯನ್ನೂ ಪ್ರತ್ಯೇಕವಾಗಿ ನೋಡಬೇಕು. ‘ಡಿಎಫ್’ ಆಜ್ಞೆಯು ಡಿಸ್ಕಿನ ಲೆಕ್ಕವನ್ನೂ, ‘ಡಿಯು’ ಆಜ್ಞೆಯು ಹೆಸರುಳ್ಳ ಕಡತಗಳ ಲೆಕ್ಕವನ್ನೂ ಹೇಳುತ್ತವೆ. ಇಟ್ಟಿಗೆಯೊಂದರ ಮೇಲೆ ಗುಪ್ತ ಕೋಶವನ್ನೂ ಸೇರಿಸಿ ಎಣಿಸಿದ ಬಳಿಕವೂ ಇವೆರಡರ ನಡುವೆ ದೊಡ್ಡ ಅಂತರ ಉಳಿದರೆ, ತೆರೆದಿಟ್ಟ ಕಡತಗಳನ್ನೂ ಸ್ನ್ಯಾಪ್‌ಷಾಟುಗಳನ್ನೂ ಶಂಕಿಸಬೇಕು. ಗುಪ್ತ ಕೋಶವನ್ನು ಸೇರಿಸಿದಾಗಲೇ ಅಂತರ ಮುಚ್ಚಿಹೋದರೆ, ಅಲ್ಲಿ ಒಂದೇ ಹೆಸರುಳಿದ ಕಡತಗಳನ್ನು ಹುಡುಕಬೇಕು. ಹಾಗೆ ಸಿಕ್ಕಿದ್ದೆಲ್ಲ ಕಸವಲ್ಲ. ವ್ಯವಸ್ಥೆಯು ತನ್ನ ಕೆಲಸಕ್ಕೆಂದು ಇಟ್ಟುಕೊಂಡವೂ ಅವುಗಳಲ್ಲಿರುತ್ತವೆ.

ಇಲ್ಲಿಯೇ ತಾಳ್ಮೆ ಅಗತ್ಯ. ಹಿಂಬಾಗಿಲಿನಿಂದ ಅಳಿಸಲ್ಪಟ್ಟ ಶಾಸನದ ಚಿತ್ರ ಬೇರೆಲ್ಲೂ ಇಲ್ಲವಾದರೆ, ಸ್ಥಳವನ್ನು ಹಿಡಿದಿರುವ ಆ ಅನಾಮಧೇಯ ಕಡತವೇ ಅದರ ಉಳಿದ ಏಕೈಕ ಪ್ರತಿಯಾಗಿರುತ್ತದೆ. ತೆರೆದು ನೋಡಿ, ಬೇಕಾದುದನ್ನು ಮುಂಬಾಗಿಲಿನಿಂದ ಮತ್ತೆ ಒಳಗಿರಿಸಿ, ಆಮೇಲೆ ಗುಪ್ತ ಹೆಸರನ್ನು ತೆಗೆಯುವುದು ಉಚಿತ.

ಗ್ಲಸ್ಟರಿನ ವಾಣಿಜ್ಯ ಆವೃತ್ತಿಗೆ ರೆಡ್ ಹ್ಯಾಟ್ ನೀಡುತ್ತಿದ್ದ ಬೆಂಬಲ 2024ರ ಅಂತ್ಯಕ್ಕೆ ಮುಗಿಯಿತು. ಉಪಕರಣಗಳು ಬದಲಾಗುತ್ತಲೇ ಇರುತ್ತವೆ. ಹೆಸರಿಗೂ ವಸ್ತುವಿಗೂ ಇರುವ ಭೇದ ಮಾತ್ರ ಅನೇಕ ವ್ಯವಸ್ಥೆಗಳಲ್ಲಿ ಒಂದೇ. ಅರ್ಧ ಶತಮಾನದ ಹಾಜರಿ ಪುಸ್ತಕಗಳನ್ನೂ ಛಾಯಾಚಿತ್ರಗಳನ್ನೂ ಮುಂದಿನ ಪೀಳಿಗೆಗಾಗಿ ಯಂತ್ರದಲ್ಲಿಡಲು ಹೊರಡುವ ಯಾವುದೇ ಶಾಲೆಯವರು ಇದನ್ನು ನೆನಪಿನಲ್ಲಿಟ್ಟರೆ, ಕಣಜ ತುಂಬಿದ ದಿನ ಬೀಜದ ಕಾಳನ್ನೇ ಚೆಲ್ಲುವ ಪ್ರಮೇಯ ಬಾರದು.